ಜುಟ್ಟಿನ ಮಲ್ಲಿಗೆಯಲ್ಲ

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಒಂದು ಹೆಡ್‌ಫೋನಿನ ವಿಷಯದಲ್ಲಿ ಕೇಳಬೇಕಾದೀತೆಂದು ನಾನು ಎಣಿಸಿರಲಿಲ್ಲ. ಅರೇಹಳ್ಳಿಯ ನನ್ನ ಮನೆಯ ಜಗಲಿಗೆ ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಕಾಫಿ ಕೊಯ್ಲಿನ ಕೂಲಿಯಲ್ಲಿ ತಾಯಿ ಉಳಿಸಿಕೊಟ್ಟಿದ್ದ 1,500 ರೂಪಾಯಿ ಅವಳ ಕೈಯಲ್ಲಿತ್ತು. “ಮೇಷ್ಟ್ರೇ, ಪಾಠ ಕೇಳೋದಕ್ಕೆ, ಸಂಗೀತ ಕೇಳೋದಕ್ಕೆ ಒಂದು ಒಳ್ಳೆ ಹೆಡ್‌ಫೋನ್ ಬೇಕು. ಯಾವುದು ತಗೊಳ್ಳಲಿ?” ಎಂದಳು. ಪಕ್ಕದಲ್ಲಿ ಕುಳಿತಿದ್ದ ನನ್ನ ಹಿರಿಯ ಮಿತ್ರರು ಆ ಗಾದೆಯನ್ನು ಉದುರಿಸಿದರು. ಹುಡುಗಿ ತಲೆ ತಗ್ಗಿಸಿದಳು.

ಮಿತ್ರರ ಮಾತನ್ನು ನಾನು ಒಪ್ಪಲಾರೆ. ಒಂದೇ ಕೋಣೆಯ ಮನೆ. ಹಂಚಿನ ಮೇಲೆ ಮಲೆನಾಡಿನ ಮಳೆ. ಒಂದು ಮೂಲೆಯಲ್ಲಿ ತಮ್ಮಂದಿರ ಜಗಳ, ಇನ್ನೊಂದು ಮೂಲೆಯಲ್ಲಿ ಟೀವಿ. ಇಂಥ ಮನೆಯಲ್ಲಿ ಓದುವವಳಿಗೆ ಎರಡು ಕಿವಿಗಳ ನಡುವೆ ದೊರೆಯುವಷ್ಟೇ ಏಕಾಂತ. ಧನಿಕನಿಗೆ ಪ್ರತ್ಯೇಕ ಕೋಣೆ ಮಾಡಿಕೊಡುವ ಉಪಕಾರವನ್ನು ಬಡವನಿಗೆ ಹೆಡ್‌ಫೋನ್ ಮಾಡಿಕೊಡುತ್ತದೆ. ಆದ್ದರಿಂದ ಅವಳು ಕೊಳ್ಳಬೇಕೆ ಬೇಡವೆ ಎಂಬುದು ಪ್ರಶ್ನೆಯಾಗಿ ನನಗೆ ತೋರಲಿಲ್ಲ. ಆ ಹಣಕ್ಕೆ ಮೋಸವಾಗದಂತೆ ಕೊಳ್ಳುವುದು ಹೇಗೆಂಬುದೇ ಪ್ರಶ್ನೆ. ಹಣವಂತನ ತಪ್ಪು ಮೇಜಿನ ಖಾನೆಗೆ ಸೇರುತ್ತದೆ. ಬಡವನ ತಪ್ಪು ಮುಂದಿನ ಕೊಯ್ಲಿನವರೆಗೆ ಕಿವಿಯಲ್ಲಿಯೇ ಕುಳಿತಿರುತ್ತದೆ.

ಕಿವಿಗೆ ಅಲಂಕಾರ ಮಾಡುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕರ್ಣಾಭರಣಗಳನ್ನು ನೋಡಿದವರು ಇದನ್ನು ಬಲ್ಲರು. ಆದರೆ ಓಲೆ ಇರುವುದು ನೋಡುವವರಿಗಾಗಿ. ಹೆಡ್‌ಫೋನ್ ಇರುವುದು ತೊಟ್ಟವರಿಗಾಗಿ. ಇಂದಿನ ಮಾರುಕಟ್ಟೆ ಈ ಭೇದವನ್ನು ಜಾಣತನದಿಂದ ಮರೆಸುತ್ತದೆ. ಮಿನುಗುವ ದೀಪ, ಕ್ರಿಕೆಟ್ ಆಟಗಾರನ ಚಿತ್ರ, ಹೊಡೆದುಹಾಕಿದ ದೊಡ್ಡ ಬೆಲೆಯ ಕೆಳಗೆ ಬರೆದ ಸಣ್ಣ ಬೆಲೆ, ಇವೆಲ್ಲ ಕಣ್ಣಿಗೆ ಬಡಿಸಿದ ಊಟ. ಪೆಟ್ಟಿಗೆಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದಿರುತ್ತದೆ. ಮನುಷ್ಯನ ಕಿವಿಯ ವ್ಯಾಪ್ತಿಯೂ ಸುಮಾರಾಗಿ ಅಷ್ಟೇ ಆದ್ದರಿಂದ ಕೊಳ್ಳುವವರು ಸಂತೋಷಪಡುತ್ತಾರೆ. ಆದರೆ ಈ ಮಾತು, ಹಾಸನದಿಂದ ಬೇಲೂರಿಗೆ ರಸ್ತೆಯುಂಟು ಎಂದಷ್ಟೇ ಹೇಳಿದಂತೆ. ದಾರಿಯಲ್ಲಿ ಹಳ್ಳವೆಷ್ಟು, ದಿಬ್ಬವೆಷ್ಟು ಎಂಬುದನ್ನು ಅದು ತಿಳಿಸುವುದಿಲ್ಲ. ನಾದದ ಪ್ರಯಾಣಿಕನಿಗೆ ಬೇಕಾದದ್ದು ಆ ಸುದ್ದಿಯೇ.

ಈ ವಿಷಯದಲ್ಲಿ ನಾನೂ ಬುದ್ಧಿವಂತನೇನಲ್ಲ. ಕೆಲವು ವರ್ಷಗಳ ಕೆಳಗೆ ಅಂಗಡಿಯೊಂದರಲ್ಲಿ ಎರಡು ನಿಮಿಷ ಕೇಳಿ, ಅದರ ಗುಡುಗಿನಂಥ ಮಂದ್ರಕ್ಕೆ ಮರುಳಾಗಿ, ತಂತಿಯಿಲ್ಲದ ಜೋಡಿಯೊಂದನ್ನು ತಂದೆ. ವಾರ ಕಳೆಯುವಷ್ಟರಲ್ಲಿ ವೀಣೆಯೂ ಗುಡುಗಿತು, ಗಾಯಕಿಯೂ ಗುಡುಗಿದಳು. ಒಂದೂವರೆ ವರ್ಷಕ್ಕೆ ಎಡಗಡೆಯದು ಮೂಕವಾಯಿತು. ಒಳಗಿನ ಪುಟ್ಟ ಬ್ಯಾಟರಿ ಮುಗಿದಿತ್ತು. ಅದನ್ನು ಬದಲಾಯಿಸಲು ಬರುವುದಿಲ್ಲವೆಂದು ಅಂಗಡಿಯಾತ ನಗುತ್ತಲೇ ಹೇಳಿದ.

ಆಗ ನನಗೆ ಲೆಕ್ಕ ಹೊಳೆಯಿತು. ತಂತಿಯಿಲ್ಲದ ಸಾಧನಕ್ಕೆ ಕೊಟ್ಟ 1,500 ರೂಪಾಯಿಯಲ್ಲಿ ಬ್ಲೂಟೂತ್ ಯಂತ್ರಕ್ಕೆ ಒಂದು ಪಾಲು, ಬ್ಯಾಟರಿಗೆ ಒಂದು, ಚಾರ್ಜು ಮಾಡುವ ಡಬ್ಬಿಗೆ ಇನ್ನೊಂದು. ಉಳಿದ ಚೂರು ಮಾತ್ರ ನಾದಕ್ಕೆ. ತಂತಿಯ ಸಾಧನದಲ್ಲಿ ಈ ಪಾಲುದಾರರು ಯಾರೂ ಇಲ್ಲ. ಲಿಥಿಯಂ ಬ್ಯಾಟರಿ ತುಂಬಿ ಬರಿದಾದಂತೆಲ್ಲ ಮುದಿಯಾಗುತ್ತದೆ. ತಂತಿಗೆ ಅಂಥ ಮುಪ್ಪಿಲ್ಲ. ತಂತಿ ಸಾಮಾನ್ಯವಾಗಿ ತುಂಡಾಗುವುದು ಪಿನ್ನಿನ ಬುಡದಲ್ಲಿ. ಬಿಚ್ಚಿ ಬೇರೆ ಹಾಕಬಹುದಾದ ತಂತಿಯಿದ್ದರೆ ಆ ಚಿಂತೆಯೂ ಅರ್ಧವಾಗುತ್ತದೆ. ಕೈಗೆ ಬಿಡುವಿಲ್ಲದೆ ಓಡಾಡುತ್ತ ದುಡಿಯುವವರಿಗೆ ನಿಸ್ತಂತುವಿನ ಅನುಕೂಲ ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೆಡೆ ಕುಳಿತು ಕೇಳುವ ವಿದ್ಯಾರ್ಥಿ ಮಾತ್ರ ಆ ಅನುಕೂಲಕ್ಕೆ ನಾದವನ್ನು ತೆರಬೇಕಾದುದಿಲ್ಲ.

ತೊಡಕೊಂದುಂಟು. ಇಂದಿನ ಅನೇಕ ಫೋನುಗಳಲ್ಲಿ ಹಿಂದಿನ ದುಂಡು ರಂಧ್ರವೇ ಇಲ್ಲ. ಹಾಗಿದ್ದಲ್ಲಿ ಟೈಪ್-ಸಿ ಪರಿವರ್ತಕಕ್ಕೂ ಹಣ ತೆಗೆದಿಡಬೇಕು; ಅದು ತನ್ನ ಫೋನಿಗೆ ಒಗ್ಗುವುದೇ ಎಂದು ಮೊದಲೇ ನೋಡಿಕೊಳ್ಳಬೇಕು. ಫೋನಿನ ಬಲಕ್ಕೆ 16ರಿಂದ 32 ಓಮ್‌ಗಳ ಸಾಧನ ಸಾಕು. ನೂರಾರು ಓಮ್‌ಗಳವು ಬೇರೆ ವರ್ಧಕವನ್ನು ಬೇಡಬಹುದು. ಅದು ಆನೆ ಕೊಂಡು ಅಂಕುಶಕ್ಕೆ ಸಾಲ ಮಾಡಿದಂತೆ.

ಇನ್ನು ಪರೀಕ್ಷೆ. ಗದ್ದಲದ ಮನೆಗೆ ಕಿವಿಯೊಳಗೆ ಬಿಗಿಯಾಗಿ ಕೂರುವ ಬಗೆಯೇ ಮೇಲು. ಅದರೊಡನೆ ಬರುವ ರಬ್ಬರು ತುದಿಗಳನ್ನೆಲ್ಲ ಹಾಕಿ ನೋಡಬೇಕು. ತುದಿ ಸಡಿಲವಾದರೆ ಮಂದ್ರಸ್ಥಾಯಿ ಸೋರಿಹೋಗುತ್ತದೆ. ಎಷ್ಟೋ ಜನ ಅಳತೆ ತಪ್ಪಿದ ತುದಿಯನ್ನು ಬಿಟ್ಟು ಸಾಧನವನ್ನೇ ಬೈಯುತ್ತಾರೆ. ಆಮೇಲೆ ತನಗೆ ಬಾಯಿಪಾಠವಾಗಿರುವ ಹಾಡನ್ನೇ ಕೇಳಬೇಕು. ತಂಬೂರಿಯ ಮಂದ್ರಷಡ್ಜ ತುಂಬಿ ನಿಂತರೂ ಮೇಲಿನ ತಂತಿಗಳ ಜವಾರಿಯನ್ನು ಮುಚ್ಚಬಾರದು. ಮೃದಂಗದ ಎರಡು ಮುಖಗಳೂ ಬೇರೆಬೇರೆಯಾಗಿ ನುಡಿಯಬೇಕು. ಕಡೆಯದಾಗಿ, ಆಕಾಶವಾಣಿಯ ವಾರ್ತೆಯನ್ನು ಕೇಳಬೇಕು. ‘ಬೆಲೆ’ಗೂ ‘ಬೆಳೆ’ಗೂ, ‘ಸಂಕೆ’ಗೂ ‘ಶಂಕೆ’ಗೂ ಭೇದ ತಿಳಿಯಬೇಕು, ಸಕಾರ ಸೂಜಿಯಂತೆ ಚುಚ್ಚಬಾರದು. ಕನ್ನಡಿಗನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕವಾದ ಮಾಪಕ ಬೇರೊಂದಿಲ್ಲ. ಎರಡನ್ನು ಹೋಲಿಸುವಾಗ ಎರಡರ ಶಬ್ದವೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿ ನುಡಿಯುವುದೇ ಕಿವಿಗೆ ಉತ್ತಮವೆಂದು ತೋರುವುದು ನಮ್ಮೆಲ್ಲರ ದೌರ್ಬಲ್ಯ.

ಹತ್ತು ಸಾವಿರಕ್ಕೆ ಕಡಮೆಯಾದರೆ ಅದು ಸಂಗೀತವೇ ಅಲ್ಲ ಎನ್ನುವ ರಸಿಕರೂ ಉಂಟು. ಅವರಿಗೊಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 1910ರ ಸುಮಾರಿಗೆ ಅಮೆರಿಕದ ನೇಥೇನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ಹೆಡ್‌ಫೋನುಗಳನ್ನು ಕೈಯಿಂದಲೇ ಮಾಡಿ ಅಲ್ಲಿಯ ನೌಕಾಪಡೆಗೆ ಮಾರಿದ. ಸ್ಫಟಿಕ ರೇಡಿಯೋಗಳಿಗೆ ಬ್ಯಾಟರಿಯೂ ಬೇಕಿರಲಿಲ್ಲ. ಗಾಳಿಯಲ್ಲಿ ಬಂದ ಅಲೆಯ ಬಲವೇ ಹೆಡ್‌ಫೋನನ್ನು ಪಿಸುಗುಟ್ಟಿಸುತ್ತಿತ್ತು. ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅಂದಿನ ಯಂತ್ರಗಳಿಗೆ ಹೋಲಿಸಿದರೆ ಇಂದಿನ ಸಾವಿರ ರೂಪಾಯಿಯ ತಂತಿಸಾಧನ ನಾದದ ಅರಮನೆ. ಅಂದಿನವರು ಯಂತ್ರದ ಬಡತನವನ್ನು ಗಮನದ ಸಿರಿಯಿಂದ ತುಂಬಿಕೊಂಡರು. ಬೆಲೆ ಏರಿದಂತೆ ನಾದ ಒಂದಿಷ್ಟು ಏರುವುದು ನಿಜ. ಆದರೆ ಮೊದಲ ಮೆಟ್ಟಿಲುಗಳ ನಡುವಿನ ಎತ್ತರ ಮೇಲಿನ ಮೆಟ್ಟಿಲುಗಳ ನಡುವೆ ಇರುವುದಿಲ್ಲ.

ಕೊನೆಗೆ, ಅಂಗಡಿಯಲ್ಲಿ ಸಿಕ್ಕದ ವಸ್ತುವೊಂದರ ಮಾತು. ಅದೇ ಕಿವಿ. ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲೆ ಹಾಕಿದೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. 89ಕ್ಕೆ ಬಂದರೆ ವಾರಕ್ಕೆ ಐದೇ ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕಳಪೆ ಸಾಧನದ ದೊಡ್ಡ ದೋಷ ಇಲ್ಲಿದೆ: ಅದರಲ್ಲಿ ಮಾತು ಸ್ಪಷ್ಟವಾಗದು, ಹೊರಗಿನ ಸದ್ದು ನಿಲ್ಲದು, ಬೇಲೂರಿನ ಬಸ್ಸಿನಲ್ಲಿ ಕುಳಿತ ಹುಡುಗ ಎಂಜಿನ್ನಿನ ಮೇಲೆ ಪಂತ ಕಟ್ಟಿದವನಂತೆ ಶಬ್ದವನ್ನು ಏರಿಸುತ್ತ ಹೋಗುತ್ತಾನೆ. ಮೆಲ್ಲಗಿಟ್ಟರೂ ಸ್ಪಷ್ಟವಾಗಿ ಕೇಳಿಸುವುದೇ ಒಳ್ಳೆಯ ಹೆಡ್‌ಫೋನಿನ ಲಕ್ಷಣ. ಬಡವನಿಗೆ ಅದೇ ಅತಿ ದೊಡ್ಡ ಉಳಿತಾಯ.

ಹುಡುಗಿ ಬೇಲೂರಿಗೆ ಹೋಗಿ ಬಂದಳು. ತಂತಿಯದೊಂದನ್ನೂ ಪರಿವರ್ತಕವನ್ನೂ ಕೊಂಡು, ಮಿಕ್ಕ ಹಣವನ್ನು ತಾಯಿಗೆ ಹಿಂದಿರುಗಿಸಿದಳಂತೆ. ನನಗೆ ತೋರಿಸಲು ತಂದಾಗ ಗಾದೆಯ ಮಿತ್ರರೂ ಜಗಲಿಯಲ್ಲಿಯೇ ಇದ್ದರು. ಕುತೂಹಲ ತಡೆಯದೆ ತಾವೂ ಕಿವಿಗಿಟ್ಟುಕೊಂಡರು. ಒಂದು ಗಳಿಗೆ ಕೇಳಿ, “ಇನ್ನೊಂದಿಷ್ಟು ಜೋರು ಮಾಡಮ್ಮ” ಎಂದರು.

“ಬೇಡಿ ಸಾರ್,” ಎಂದಳು ಹುಡುಗಿ. “ಸ್ವಲ್ಪ ಹೊತ್ತು ಸುಮ್ಮನೆ ಕೇಳಿ. ಕಿವಿಗೆ ತಾನಾಗೇ ಸಿಕ್ಕುತ್ತೆ.”

ಮಿತ್ರರು ಕಣ್ಣು ಮುಚ್ಚಿದರು. ಆಮೇಲೆ ಬಹಳ ಹೊತ್ತು ಅವರು ಮಾತನಾಡಲಿಲ್ಲ.