ಮುಖ ಬರೆಯುವ ವಿದ್ಯೆಯೂ ಪತ್ತೇದಾರಿ ಕಾದಂಬರಿಯೂ

ಪತ್ತೇದಾರಿ ಕಾದಂಬರಿಗಳನ್ನು ಓದುವುದು ವಿದ್ಯಾರ್ಥಿಗಳಿಗೆ ತಕ್ಕ ಕೆಲಸವಲ್ಲವೆಂದು ಹಿರಿಯರು ಹೇಳುವುದುಂಟು. ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವವರ ಮಟ್ಟಿಗೆ ಆ ಮಾತು ಸರಿಯೇ. ಆದರೆ ಪಾಠಗಳನ್ನೆಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಒಳ್ಳೆಯದೊಂದು ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಂಡವರನ್ನು ಗದರಿಸುವುದು ನ್ಯಾಯವಲ್ಲ. ಅಂಥ ಕಾದಂಬರಿಯು ಎರಡು ಗುಣಗಳನ್ನು ಕಲಿಸುತ್ತದೆ. ಕಣ್ಣಿಟ್ಟು ನೋಡುವುದು ಒಂದು. ಕಂಡದ್ದನ್ನೆಲ್ಲ ನಿಜವೆಂದು ನಂಬಿಬಿಡದಿರುವುದು ಇನ್ನೊಂದು. ಮುಖಗಳನ್ನು ಬರೆದು ಅಪರಾಧಗಳ ಪತ್ತೆಗೆ ನೆರವಾಗುವ ಚಿತ್ರಕಾರರ ಕಥೆಗಳು ಈ ಎರಡನ್ನೂ ಒಟ್ಟಿಗೆ ಕಲಿಸುತ್ತವೆಂಬುದು ನಮ್ಮ ಅಭಿಮತ.

ಈ ವಿದ್ಯೆಯಲ್ಲಿ ಎರಡು ಬಗೆಗಳುಂಟು. ಕಳ್ಳನನ್ನು ಕಣ್ಣಾರೆ ಕಂಡ ಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು, ಹಣೆ ಎಷ್ಟು ಅಗಲ, ಮೂಗು ಹೇಗಿತ್ತು, ಗದ್ದ ಚೂಪೋ ದುಂಡೋ ಎಂದು ಸಮಾಧಾನದಿಂದ ಕೇಳುತ್ತ, ಬರೆದು, ಅಳಿಸಿ, ತಿದ್ದಿ, ಚಿತ್ರವನ್ನು ಸಿದ್ಧಪಡಿಸುವುದು ಮೊದಲನೆಯದು. ಗುರುತು ಸಿಕ್ಕದ ತಲೆಬುರುಡೆಯ ಮೇಲೆ ಜೇಡಿಮಣ್ಣಿನಿಂದ ಮಾಂಸಖಂಡಗಳನ್ನು ತುಂಬುತ್ತ ಬಂದು, ಸತ್ತವರ ಮುಖವನ್ನು ಮರಳಿ ರೂಪಿಸುವುದು ಎರಡನೆಯದು. ಅಮೆರಿಕದ ಲೇಖಕಿ ಐರಿಸ್ ಜೋಹಾನ್ಸನ್ ಅವರು 1998ರಲ್ಲಿ ಆರಂಭಿಸಿದ ಕಾದಂಬರಿಮಾಲೆಯ ನಾಯಕಿ ಈವ್ ಡಂಕನ್ ಈ ಎರಡನೆಯ ಬಗೆಯ ಶಿಲ್ಪಿ. ಅವಳು ತನ್ನ ಮಗಳನ್ನೇ ಕಳೆದುಕೊಂಡ ತಾಯಿ. ಆದಕಾರಣ ಹೆಸರಿಲ್ಲದ ಪ್ರತಿಯೊಂದು ಬುರುಡೆಯೂ ಅವಳಿಗೆ ಯಾರದೋ ಮನೆಯ ಮಗು. ಒಂದು ಪುಸ್ತಕದ ಗಂಟು ಆ ಪುಸ್ತಕದಲ್ಲಿಯೇ ಬಿಚ್ಚಿಕೊಂಡರೂ, ತಾಯಿಯ ದುಃಖದ ಗಂಟು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತ ಹೋಗುತ್ತದೆ. ಕಾದಂಬರಿಮಾಲೆಯನ್ನು ಮೊದಲಿನಿಂದ ಕ್ರಮವಾಗಿ ಓದುವುದರ ಸುಖ ಇರುವುದೇ ಇಲ್ಲಿ. ಆದರೆ ಇವು ದೊಡ್ಡವರಿಗಾಗಿ ಬರೆದ ಪುಸ್ತಕಗಳು; ಕಿರಿಯ ಮಿತ್ರರು ಇನ್ನೂ ಕೆಲವು ವರ್ಷ ಕಾಯುವುದು ಮೇಲು.

ಅಲ್ಲಿಯವರೆಗೆ ಓದುವುದಕ್ಕೆ ನಮ್ಮ ಪುಣೆಯ ನಂಟುಳ್ಳ ಕಥೆಗಳೇ ಇವೆ. ಬಂಗಾಳಿಯ ಸುಪ್ರಸಿದ್ಧ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು ಮುಂಬಯಿಯ ಚಲನಚಿತ್ರರಂಗವನ್ನು ಬಿಟ್ಟು 1952ರಲ್ಲಿ ಪುಣೆಗೆ ಬಂದು ನೆಲೆಸಿದರು. 1932ರಲ್ಲಿ ಅವರು ಸೃಷ್ಟಿಸಿದ ವ್ಯೋಮಕೇಶ ಬಕ್ಷಿಯ ಹಲವು ಕಥೆಗಳು ಬರೆಯಲ್ಪಟ್ಟುದು ಈ ಊರಿನಲ್ಲಿಯೇ. ವ್ಯೋಮಕೇಶನಿಗೆ ಪತ್ತೇದಾರನೆಂಬ ಹೆಸರು ರುಚಿಸದು. ತಾನು ಸತ್ಯಾನ್ವೇಷಿ ಎಂದೇ ಅವನು ಹೇಳಿಕೊಳ್ಳುತ್ತಾನೆ. ನಮ್ಮ ವಿಜಯನಗರದ ದೇವರಾಯನ ಕಾಲವನ್ನು ಚಿತ್ರಿಸುವ ‘ತುಂಗಭದ್ರಾರ್ ತೀರೇ’ ಎಂಬ ಕಾದಂಬರಿಯನ್ನು ಬರೆದವರೂ ಇವರೇ ಎಂಬುದನ್ನು ಕನ್ನಡಿಗರಾದ ನಾವು ಮರೆಯಲಾಗದು.

ವ್ಯೋಮಕೇಶನ ಕಥೆಗಳಲ್ಲಿ ‘ಚಿತ್ರಚೋರ’ ಎಂಬುದೊಂದಿದೆ. ಸಣ್ಣ ಊರೊಂದರಲ್ಲಿ ಗಣ್ಯರೆಲ್ಲ ಒಟ್ಟಿಗೆ ತೆಗೆಸಿಕೊಂಡ ಛಾಯಾಚಿತ್ರ ಕಳುವಾಗುತ್ತದೆ. ಬೆಲೆಬಾಳುವ ವಸ್ತುವಲ್ಲ, ಬರಿಯ ಚಿತ್ರ! ಕದ್ದವನಿಗೆ ಅದರಿಂದೇನು ಲಾಭ? ಅದೇ ಊರಿನಲ್ಲಿ ಒಬ್ಬ ಬಡ ಚಿತ್ರಕಾರನಿದ್ದಾನೆ. ಒಮ್ಮೆ ಕಂಡ ಮುಖವನ್ನು ನೆನಪಿನಿಂದಲೇ ಬರೆಯಬಲ್ಲವನು. ಛಾಯಾಚಿತ್ರವನ್ನು ಅಡಗಿಸಬಹುದು, ಆದರೆ ಇವನ ಕಣ್ಣುಗಳನ್ನು ಅಡಗಿಸುವುದು ಹೇಗೆ? ಮುಂದಿನದನ್ನು ನಾವು ಹೇಳಿದರೆ ಓದುವವರ ಸುಖವನ್ನು ಕದ್ದಂತಾದೀತು.

ಇದೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುವವರು ನಮ್ಮ ನಗರದ ಡೆಕ್ಕನ್ ಕಾಲೇಜಿನತ್ತ ನೋಡಲಿ. ಅಲ್ಲಿಯ ಪುರಾತತ್ತ್ವಜ್ಞರು ಹರಿಯಾಣದ ರಾಖಿಗಢಿಯಲ್ಲಿ ಸುಮಾರು 4500 ವರ್ಷಗಳಷ್ಟು ಹಳೆಯ ಸಮಾಧಿಗಳನ್ನು ಅಗೆದು ತೆಗೆದರು. ಅಲ್ಲಿ ದೊರೆತ ಇಬ್ಬರ ತಲೆಬುರುಡೆಗಳ ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ, ದಕ್ಷಿಣ ಕೊರಿಯಾದ ವಿಜ್ಞಾನಿಗಳೊಡನೆ ಸೇರಿ, ಸಿಂಧೂ ನಾಗರಿಕತೆಯ ಮನುಷ್ಯರ ಮುಖಗಳನ್ನು ರೂಪಿಸಿ 2019ರಲ್ಲಿ ಲೋಕಕ್ಕೆ ತೋರಿಸಿದರು. ಪೊಲೀಸರಿಗೆ ನೆರವಾಗುವ ವಿದ್ಯೆಯೇ ಇತಿಹಾಸಕ್ಕೂ ಮುಖ ಕೊಟ್ಟಿತು. ಆದರೂ ಎಲುಬು ಎಲ್ಲವನ್ನೂ ಹೇಳಲಾರದು. ತುಟಿಯ ಅಂದ, ಕಿವಿಯ ಆಕಾರ, ಕೂದಲಿನ ಬಗೆ ಮುಂತಾದವುಗಳಲ್ಲಿ ಊಹೆಗೂ ಪಾಲುಂಟು.

ಊಹೆಯ ಈ ಪಾಲನ್ನು ಮರೆತರೆ ಎಂಥ ಅನರ್ಥವಾದೀತೆಂಬುದಕ್ಕೆ ಅಮೆರಿಕದ ಕರ್ಕ್ ಬ್ಲಡ್ಸ್‌ವರ್ತ್ ಎಂಬವರ ಬಾಳು ಸಾಕ್ಷಿ. 1984ರಲ್ಲಿ ಮೇರಿಲ್ಯಾಂಡ್ ಪ್ರಾಂತದಲ್ಲಿ ಬಾಲಕಿಯೊಬ್ಬಳ ಕೊಲೆಯಾಯಿತು. ಸಾಕ್ಷಿಗಳ ಮಾತಿನಿಂದ ಸಿದ್ಧವಾದ ಮುಖಚಿತ್ರವನ್ನು ಪೊಲೀಸರು ಪ್ರಕಟಿಸಿದರು. ಅದು ಇವರನ್ನು ಹೋಲುತ್ತದೆಂದು ಯಾರೋ ಸುದ್ದಿಮುಟ್ಟಿಸಿದರು. ಐವರು ಸಾಕ್ಷಿಗಳು ಇವರತ್ತ ಬೆರಳು ತೋರಿದರು. 1985ರಲ್ಲಿ ಮರಣದಂಡನೆಯಾಯಿತು, ಮರುವಿಚಾರಣೆಯಲ್ಲಿ ಅದು ಜೀವಾವಧಿಗೆ ಇಳಿಯಿತು. 1993ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ಇವರು ನಿರಪರಾಧಿಯೆಂದು ಸಿದ್ಧವಾಗುವಷ್ಟರಲ್ಲಿ ಸೆರೆಮನೆಯಲ್ಲಿ ಹತ್ತಿರಹತ್ತಿರ 9 ವರ್ಷಗಳು ಕಳೆದುಹೋಗಿದ್ದವು. ನಿಜವಾದ ಕೊಲೆಗಾರ ಬೇರೊಬ್ಬನೆಂದು 2003ರಲ್ಲಿ ತಿಳಿಯಿತು. ಸಾಕ್ಷಿಗಳು ಬೇಕೆಂದು ಸುಳ್ಳಾಡಿದವರಲ್ಲ. ಅವರ ನೆನಪು ಅವರಿಗೆ ಮೋಸಮಾಡಿತು.

ಆದುದರಿಂದ ಮುಖಚಿತ್ರವು ಹುಡುಕಾಟದ ಮೊದಲೇ ಹೊರತು ತೀರ್ಪಲ್ಲ. ಒಳ್ಳೆಯ ಕಾದಂಬರಿಕಾರನು ಇದನ್ನು ಬಲ್ಲ. ಮೊದಲ ಅಧ್ಯಾಯದಲ್ಲಿ ಕ್ರೂರಮುಖದವನ ಮೇಲೆ ನಮಗೆ ಸಂಶಯ ಹುಟ್ಟಿಸಿ, ಕೊನೆಯ ಅಧ್ಯಾಯದಲ್ಲಿ ಸೌಮ್ಯಮುಖದವನನ್ನು ಅಪರಾಧಿಯೆಂದು ತೋರಿಸುತ್ತಾನೆ. ಹೀಗೆ ನಾಲ್ಕಾರು ಬಾರಿ ಸೋತ ಓದುಗನು, ಬೀದಿಯಲ್ಲಿ ಅಪರಿಚಿತನನ್ನು ಕಂಡಾಗ ಬಟ್ಟೆ, ಬಣ್ಣ, ಮಾತಿನ ಧಾಟಿಗಳನ್ನು ನೋಡಿ ತೀರ್ಪುಕೊಡಲು ಹಿಂಜರಿಯುತ್ತಾನೆ. ನಾನಾ ಪ್ರಾಂತಗಳ ಜನ ಕೂಡಿ ಬಾಳುವ ಪುಣೆಯಂಥ ಮಹಾನಗರದಲ್ಲಿ ಈ ಹಿಂಜರಿಕೆ ದೊಡ್ಡ ಗುಣ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ನಮಗಂತೂ ಇದರ ಬೆಲೆ ಚೆನ್ನಾಗಿ ತಿಳಿದಿರಬೇಕು.

ಕನ್ನಡದಲ್ಲಿ ಈ ಬಗೆಯ ಸಾಹಿತ್ಯಕ್ಕೆ ಬಡತನವಿಲ್ಲ. ಎನ್. ನರಸಿಂಹಯ್ಯನವರು ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರನ್ನು ಸೃಷ್ಟಿಸಿ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಪುಸ್ತಕ ಮುಟ್ಟದವರ ಕೈಗೂ ಕನ್ನಡ ಪುಸ್ತಕವನ್ನಿತ್ತರು. ಕನ್ನಡಕ್ಕೆ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಮರಾಠಿಯಲ್ಲಿ ಬಾಬೂರಾವ್ ಅರ್ನಾಳಕರರ ರಹಸ್ಯಕಥೆಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಎರಡು ಭಾಷೆಗಳ ಈ ಸಂಪತ್ತನ್ನೂ ಸವಿಯುವ ಭಾಗ್ಯ ಪುಣೆಯ ಕನ್ನಡ ವಿದ್ಯಾರ್ಥಿಗಳದು. ಕುಂಚ ಹಿಡಿದ ಸತ್ಯಾನ್ವೇಷಿಯೊಬ್ಬನ ಅಥವಾ ಒಬ್ಬಳ ಕಾದಂಬರಿಮಾಲೆಯು ನಮ್ಮ ವಿದ್ಯಾರ್ಥಿಗಳಲ್ಲೊಬ್ಬರ ಲೇಖನಿಯಿಂದಲೇ ಕನ್ನಡದಲ್ಲಿ ಮೂಡಿಬರಲೆಂದು ಹಾರೈಸುತ್ತೇವೆ. ಅದಕ್ಕೆ ಇಂದೇ ಮಾಡಬಹುದಾದ ಅಭ್ಯಾಸವೊಂದಿದೆ: ದಿನವೂ ಕಾಣುವ ಒಂದು ಮುಖವನ್ನು ಕಣ್ಣುಮುಚ್ಚಿ ನೆನೆದು ಬರೆಯಿರಿ, ಬಳಿಕ ಆ ಮುಖದೊಡನೆ ಹೋಲಿಸಿ ನೋಡಿರಿ. ನಾವು ಎಷ್ಟನ್ನು ನೋಡಿಯೂ ನೋಡಿಲ್ಲವೆಂಬುದು ಆಗ ತಿಳಿದೀತು.