ವಂಶವೂ ವೇಷವೂ

ಅಲಂಕಾರಶಾಸ್ತ್ರದ ತರಗತಿಯಲ್ಲಿ ಮೋಟಾರುಗಾಡಿಯ ಮಾತು ಬರುವುದು ವಿರಳ. ಈಚೆಗೆ ಒಂದು ದಿನ ಬಂದಿತು. ಆನಂದವರ್ಧನನ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಬರುವ ‘ಸಂವಾದ’ದ ವಿಚಾರವನ್ನು ವಿವರಿಸುತ್ತಿದ್ದೆ. ಒಬ್ಬ ಕವಿಯ ಕೃತಿ ಇನ್ನೊಬ್ಬನದನ್ನು ಹೋಲುವುದಕ್ಕೆ ಅಲ್ಲಿ ಸಂವಾದವೆಂದು ಹೆಸರು. ಈ ಹೋಲಿಕೆ ಮೂರು ಬಗೆಯದೆಂಬುದು ಆಚಾರ್ಯನ ಮತ: ಕನ್ನಡಿಯ ಪ್ರತಿಬಿಂಬದಂತಹುದು ಒಂದು, ಪಟದ ಮೇಲೆ ಬರೆದ ಚಿತ್ರದಂತಹುದು ಇನ್ನೊಂದು, ಒಂದೇ ತೆರನಾದ ಮೈಕಟ್ಟುಳ್ಳ ಇಬ್ಬರು ಮನುಷ್ಯರಲ್ಲಿ ಕಾಣುವ ಸಾಮ್ಯದಂತಹುದು ಮೂರನೆಯದು. ಮೊದಲನೆಯದಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಎರಡನೆಯದರ ಆತ್ಮ ತೀರ ತೆಳುವಾದುದು. ಮೂರನೆಯದಕ್ಕೆ ಮಾತ್ರ ಸ್ವಂತವಾದ ಜೀವವಿದೆ. ಆದಕಾರಣ ಮೊದಲ ಎರಡನ್ನು ಕವಿಯು ಬಿಡಬೇಕು, ಮೂರನೆಯದಕ್ಕೆ ಅಂಜಬೇಕಾಗಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಯಾವ ಹೋಲಿಕೆಯೂ ಇಲ್ಲದಿದ್ದರೆ, ಸಾರ್?” ಎಂದ. ತರಗತಿ ಮುಗಿದ ಮೇಲೆ ಹತ್ತಿರ ಬಂದು ಒಂದು ಚಿತ್ರವನ್ನು ತೋರಿಸಿದ. ಇಂಗ್ಲೆಂಡಿನ ಜಾಗ್ವಾರ್ ಸಂಸ್ಥೆಯವರು ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಮಿಯಾಮಿ ನಗರದಲ್ಲಿ ಪ್ರದರ್ಶಿಸಿದ ನಸುಗೆಂಪು ಬಣ್ಣದ ಕಾರು ಅದು.

ವಿನೋದಕ್ಕಾಗಿ ಕೇಳಿದ ಪ್ರಶ್ನೆಯಿರಬಹುದು. ನನ್ನನ್ನಂತೂ ಅದು ಬಹುದಿನ ಬಿಡಲಿಲ್ಲ. ಇಂತಹ ಕಾರನ್ನು ಕೊಳ್ಳುವುದಿರಲಿ, ಅದರ ಬಾಗಿಲು ತೆರೆಯುವ ಸಂದರ್ಭವೂ ಕನ್ನಡ ಅಧ್ಯಾಪಕನಿಗೆ ಒದಗಲಾರದು. ಆದರೆ ಬೀದಿಯಲ್ಲಿ ಸಂಚರಿಸುವ ವಸ್ತುವಿನ ಒಡೆತನ ಒಬ್ಬನದಾದರೂ ಅದರ ರೂಪ ನೋಡುವವರೆಲ್ಲರ ಸ್ವತ್ತು. ಗೋಪುರವನ್ನು ಮೆಚ್ಚುವುದಕ್ಕೆ ದೇವಾಲಯದ ಧರ್ಮದರ್ಶಿಯಾಗಿರಬೇಕೆ? ಮೇಲಾಗಿ ೨೦೦೮ರಲ್ಲಿ ಟಾಟಾ ಮೋಟಾರ್ಸ್ ಫೋರ್ಡ್ ಸಂಸ್ಥೆಗೆ ಸುಮಾರು ೨೩೦ ಕೋಟಿ ಡಾಲರುಗಳನ್ನು ಕೊಟ್ಟು ಲ್ಯಾಂಡ್ ರೋವರಿನೊಡನೆ ಜಾಗ್ವಾರನ್ನೂ ಕೊಂಡಿತು. ಪರದೇಶದ ಒಂದು ಚೆಲುವಿನ ಪರಂಪರೆ ನಮ್ಮವರ ವಶಕ್ಕೆ ಬಂದಾಗ ಅದರ ಯೋಗಕ್ಷೇಮವನ್ನು ಕುರಿತು ನಾಲ್ಕು ಮಾತನಾಡುವುದು ಅನಧಿಕಾರವೇನೂ ಅಲ್ಲ.

ಆ ಪರಂಪರೆಯ ಮೂಲಪುರುಷ ವಿಲಿಯಂ ಲಯನ್ಸ್. ೧೯೨೨ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಮೋಟಾರುಸೈಕಲಿನ ಪಕ್ಕದ ತೊಟ್ಟಿಲುಗಳನ್ನು ತಯಾರಿಸುತ್ತ ಆರಂಭಿಸಿದ ಸಂಸ್ಥೆ ಅವರದು. ಪಾಲುಗಾರರಾಗಿದ್ದವರು ವಿಲಿಯಂ ವಾಮ್ಸ್ಲಿ. ಜಾಗ್ವಾರ್ ಎಂಬ ಹೆಸರು ೧೯೩೫ರಲ್ಲಿ ಮೊದಲು ಒಂದು ಕಾರಿಗೆ ಬಂದಿತು; ೧೯೪೫ರಲ್ಲಿ ಇಡೀ ಸಂಸ್ಥೆಗೇ ಬಂದಿತು. ಲಯನ್ಸ್ ಚಿತ್ರಕಲೆಯನ್ನು ಅಭ್ಯಾಸ ಮಾಡಿದವರಲ್ಲ. ಕಾಗದದ ಮೇಲಿನ ಗೆರೆಗಳನ್ನು ಅವರು ಅಷ್ಟಾಗಿ ನೆಚ್ಚುತ್ತಿರಲಿಲ್ಲ. ತಗಡಿನ ಕೆಲಸ ಬಲ್ಲ ಕುಶಲರನ್ನು ಪಕ್ಕದಲ್ಲಿಟ್ಟುಕೊಂಡು ಕಾರಿನ ಪೂರ್ಣ ಗಾತ್ರದ ಮಾದರಿಯನ್ನೇ ಮಾಡಿಸಿ, ಅದನ್ನು ವ್ಯಾಪನ್‌ಬರಿ ಹಾಲ್ ಎಂಬ ತಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿ, ಹಗಲಿನ ಸಹಜವಾದ ಬೆಳಕಿನಲ್ಲಿ ಸುತ್ತಲೂ ನಡೆದು ನೋಡುತ್ತಿದ್ದರು. ಗೆರೆ ಹೆಚ್ಚಾಯಿತೆನಿಸಿದರೆ ತಿದ್ದಿಸುತ್ತಿದ್ದರು, ಸರಿಹೋಗುವವರೆಗೆ ತಿದ್ದಿಸುತ್ತಿದ್ದರು. ೧೯೪೮ರ ಎಕ್ಸ್‌ಕೆ ೧೨೦ ಆಗಲಿ ೧೯೬೮ರ ಎಕ್ಸ್‌ಜೆ ೬ ಆಗಲಿ ಈ ಕಣ್ಣಿನ ತಪಸ್ಸಿನ ಫಲ.

ಇವೆರಡರ ನಡುವೆ, ೧೯೬೧ರಲ್ಲಿ, ಇ-ಟೈಪ್ ಬಂದಿತು. ಅದರ ರೂಪ ವಿಮಾನದ ಕಾರಖಾನೆಯಲ್ಲಿ ದುಡಿದು ಬಂದಿದ್ದ ಮಾಲ್ಕಮ್ ಸೇಯರ್ ಅವರದು. ಗಾಳಿಯನ್ನು ಸೀಳಿ ಹೋಗುವ ವಸ್ತುವಿನ ವಕ್ರರೇಖೆಗಳನ್ನು ಗಣಿತದಿಂದ ನಿರ್ಣಯಿಸಬೇಕೆಂಬ ನಿಷ್ಠೆ ಅವರಲ್ಲಿತ್ತು. ೧೯೫೫ರಿಂದ ಮೂರು ವರ್ಷ ಸತತವಾಗಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಡಿ-ಟೈಪ್ ಅವರ ಕೈಯದೇ. ಇ-ಟೈಪಿನ ಆ ನೀಳವಾದ ಮೂತಿ ಬೆಡಗಿಗಾಗಿ ಬಂದುದಲ್ಲ. ಒಂದರ ಹಿಂದೊಂದು ನಿಂತ ಆರು ಸಿಲಿಂಡರುಗಳ ಎಂಜಿನ್ನಿಗೆ ಅಷ್ಟು ಉದ್ದ ಬೇಕಾಗಿತ್ತು. ಅವಶ್ಯಕತೆಯೇ ಅಲ್ಲಿ ಅಲಂಕಾರವಾಯಿತು. ೧೯೯೬ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅಂತಹ ಒಂದು ಕಾರನ್ನು ತನ್ನ ವಿನ್ಯಾಸ ಸಂಗ್ರಹಕ್ಕೆ ಸೇರಿಸಿಕೊಂಡುದು ಇದಕ್ಕೆ ಸಂದ ಮನ್ನಣೆ.

ಮಹಾಕವಿಯೊಬ್ಬನ ತರುವಾಯ ಬರುವ ಕಾಲ ಕಷ್ಟದ್ದು. ೧೯೭೨ರಲ್ಲಿ ಲಯನ್ಸ್ ನಿವೃತ್ತರಾದರು. ಬ್ರಿಟಿಷ್ ಲೇಲ್ಯಾಂಡ್ ಎಂಬ ಭಾರಿ ಒಕ್ಕೂಟದಲ್ಲಿ ಸಿಕ್ಕಿ, ಅಲ್ಲಿಂದ ೧೯೮೪ರಲ್ಲಿ ಬಿಡುಗಡೆ ಹೊಂದಿ, ೧೯೮೯ರಲ್ಲಿ ಸಂಸ್ಥೆ ಫೋರ್ಡಿನ ಕೈ ಸೇರಿತು. ಹೊಸ ಯಜಮಾನರಿಗೆ ತಾವು ಕೊಂಡದ್ದು ಒಂದು ಹೆಸರನ್ನು, ಆ ಹೆಸರಿನ ನೆನಪನ್ನು ಎಂದು ತೋರಿರಬೇಕು. ಜನ ನೆನೆದದ್ದನ್ನೇ ಅವರು ಮತ್ತೆ ಮಾಡಿಕೊಟ್ಟರು. ೧೯೯೮ರಲ್ಲಿ ತೋರಿಸಿದ ಎಸ್-ಟೈಪ್ ೧೯೬೩ರ ಹೆಸರನ್ನೇ ಹೊತ್ತು, ಹಳೆಯ ಜಾಗ್ವಾರುಗಳ ಅಂಡಾಕಾರದ ಮುಖವನ್ನೂ ನಾಲ್ಕು ದುಂಡು ದೀಪಗಳನ್ನೂ ಧರಿಸಿತ್ತು. ಆಚಾರ್ಯನ ಪ್ರತಿಬಿಂಬ ಇದೇ. ೨೦೦೧ರ ಎಕ್ಸ್-ಟೈಪ್ ಫೋರ್ಡಿನ ಮಾಂಡಿಯೋ ಎಂಬ ಸಾಮಾನ್ಯ ಕಾರಿನ ತಳಪಾಯದಿಂದ ಹುಟ್ಟಿದುದು. ಮೇಲೆ ಮಾತ್ರ ಜಾಗ್ವಾರಿನ ಮುಖ. ಪರರ ಪಟದ ಮೇಲೆ ಬರೆದ ಮನೆಯ ಚಿತ್ರ ಅದು. ೨೦೦೩ರ ಎಕ್ಸ್‌ಜೆಯಲ್ಲಿ ಇದಕ್ಕೆ ವಿಪರೀತವಾದ ವಿಡಂಬನೆ ನಡೆಯಿತು. ಅಲ್ಯೂಮಿನಿಯಮಿನ ಹಲಗೆಗಳನ್ನು ಅಂಟಿನಿಂದಲೂ ರಿವೆಟ್ಟುಗಳಿಂದಲೂ ಬೆಸೆದ ಅದರ ಹಗುರವಾದ ಮೈ ಆ ಕಾಲಕ್ಕೆ ಬಹಳ ಮುಂದುವರಿದುದು. ಆದರೆ ನೋಡಿದವರಿಗೆ ಕಂಡದ್ದು ೧೯೬೮ರ ಕಾರು. ಆತ್ಮ ಹೊಸದು, ಅಂಗಿ ಅಜ್ಜನದು.

ಈ ಅನುಕರಣದಿಂದ ಸಂಸ್ಥೆಯನ್ನು ಬಿಡಿಸಿದವರು ಸ್ಕಾಟ್ಲೆಂಡಿನ ಇಯಾನ್ ಕ್ಯಾಲಮ್. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಾವು ಬರೆದ ಕಾರಿನ ಚಿತ್ರಗಳನ್ನು ಜಾಗ್ವಾರಿಗೆ ಕಳುಹಿಸಿ ಕೆಲಸ ಬೇಡಿದ್ದ ಹುಡುಗ, ೧೯೯೯ರಲ್ಲಿ ಅಲ್ಲಿಯ ವಿನ್ಯಾಸದ ಮುಖ್ಯಸ್ಥರಾದರು. ಅವರಷ್ಟು ಹಳೆಯದನ್ನು ಪ್ರೀತಿಸಿದವರು ಕಡಿಮೆ. ಆದರೂ ೨೦೦೭ರ ಎಕ್ಸ್‌ಎಫ್‌ನಲ್ಲಿಯೂ ೨೦೦೯ರ ಎಕ್ಸ್‌ಜೆಯಲ್ಲಿಯೂ ಅವರು ದುಂಡು ದೀಪಗಳನ್ನು ಕೈಬಿಟ್ಟರು. ಹಳೆಯ ಅಭಿಮಾನಿಗಳು ಮುನಿದರು. ಸಾವಧಾನವಾಗಿ ನೋಡಿದರೆ ಬಿಟ್ಟುದು ಆಭರಣವನ್ನು ಮಾತ್ರ: ತಗ್ಗಾದ ನಿಲುವು, ಹಿಂದಕ್ಕೆ ಜಾರುವ ಮಾಡು, ಹಾರಲು ಅಣಿಯಾದ ಮೃಗದ ಬಿಗುವು, ಎಲ್ಲವೂ ಅಲ್ಲಿದ್ದುವು. ತುಲ್ಯದೇಹಿ ಎಂದರೆ ಇದು. ಮಗ ತಂದೆಯ ಪೇಟ ಸುತ್ತಿಲ್ಲ. ನಡಿಗೆ ಕಂಡವರು ಇಂಥವರ ಮಗನೆಂದು ಹೇಳಬಲ್ಲರು.

೨೦೧೮ರಲ್ಲಿ ಬಂದ ಐ-ಪೇಸ್ ಎಂಬ ವಿದ್ಯುತ್ ಕಾರನ್ನು ನಾನು ಇನ್ನೂ ಹೆಚ್ಚು ಗೌರವಿಸುತ್ತೇನೆ. ಮೇಲುನೋಟಕ್ಕೆ ಅದು ಪೂರ್ವಿಕರಲ್ಲಿ ಯಾರನ್ನೂ ಹೋಲುವುದಿಲ್ಲ. ಎಂಜಿನ್ ಇಲ್ಲದ ಮೇಲೆ ಉದ್ದನೆಯ ಮೂತಿ ಏತಕ್ಕೆ ಎಂದು ಕೇಳಿಕೊಂಡು, ಮೂತಿಯನ್ನು ಮೊಟಕುಗೊಳಿಸಿ, ಬ್ಯಾಟರಿಯನ್ನು ನೆಲದಡಿಗೆ ಹಾಸಿ, ಕೂರುವವರಿಗೆ ಜಾಗವನ್ನು ಮುಂದಕ್ಕೆ ವಿಸ್ತರಿಸಿದರು. ಯಂತ್ರದ ಸತ್ಯದಿಂದ ರೂಪವನ್ನು ಹುಟ್ಟಿಸುವುದು ಸೇಯರ್ ಅವರ ಧರ್ಮವೇ ಅಲ್ಲವೆ? ೨೦೧೯ರಲ್ಲಿ ಅದಕ್ಕೆ ವಿಶ್ವದ ವರ್ಷದ ಕಾರೆಂಬ ಪ್ರಶಸ್ತಿ ಬಂದಿತು.

ಪ್ರಶಸ್ತಿಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದೂ ನಿಜ. ಕೊಳ್ಳುವವರ ಒಲವು ತಗ್ಗಾದ ಕಾರುಗಳನ್ನು ಬಿಟ್ಟು ಎತ್ತರದ ಗಾಡಿಗಳ ಕಡೆಗೆ ಹರಿದಿತ್ತು; ಜಾಗ್ವಾರಿಗೆ ಆಸರೆಯಾದುದೂ ೨೦೧೬ರಲ್ಲಿ ಮಾರಾಟಕ್ಕೆ ಬಂದ ಎಫ್-ಪೇಸ್ ಎಂಬ ಎತ್ತರದ ಗಾಡಿ. ಜರ್ಮನಿಯ ದೊಡ್ಡ ಸಂಸ್ಥೆಗಳೊಡನೆ ಸಂಖ್ಯೆಯಲ್ಲಿ ಸ್ಪರ್ಧಿಸುವ ಬಲ ಅದಕ್ಕೆ ಇರಲಿಲ್ಲ. ಸಿದ್ಧತೆ ನಡೆಯುತ್ತಿದ್ದ ವಿದ್ಯುತ್ ಎಕ್ಸ್‌ಜೆಯನ್ನು ೨೦೨೧ರಲ್ಲಿ ಕೈಬಿಟ್ಟರು. ೨೦೨೪ರಲ್ಲಿ ಎಕ್ಸ್‌ಇ, ಎಕ್ಸ್‌ಎಫ್, ಎಫ್-ಟೈಪ್ ಕಾರುಗಳ ತಯಾರಿಕೆ ನಿಂತಿತು. ಬದಲಾಗದಿದ್ದರೆ ಸಾಯುತ್ತೇವೆಂದು ಹೊಣೆಗಾರರು ಹೇಳಿದರೆ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಕಾರಖಾನೆಯನ್ನು ನಂಬಿದ ಮನೆಗಳ ಒಲೆಯೂ ಉರಿಯಬೇಕು.

ಬದಲಾವಣೆಯಲ್ಲಿ ನನಗೆ ತಕರಾರಿಲ್ಲ. ಅದನ್ನು ಸಾರಿದ ರೀತಿಯಲ್ಲಿದೆ. ೨೦೨೪ರ ನವೆಂಬರಿನಲ್ಲಿ ಬಂದ ಜಾಹೀರಾತಿನಲ್ಲಿ ಬಣ್ಣಬಣ್ಣದ ಉಡುಪಿನ ಜನರಿದ್ದರು, ಕಾರು ಮಾತ್ರ ಇರಲಿಲ್ಲ. ಯಾವುದನ್ನೂ ನಕಲು ಮಾಡಬೇಡಿರೆಂಬುದು ಅದರ ಘೋಷಣೆ. ಅದನ್ನು ಲಯನ್ಸರ ಆಶಯವೆಂದೇ ಹೇಳಿದರು. ಮರುತಿಂಗಳು ತೋರಿಸಿದ ಕಾರಿಗೆ ‘ಟೈಪ್ ೦೦’ ಎಂದು ಹೆಸರು. ಮೊದಲ ಸೊನ್ನೆ ಹೊಗೆಯಿಲ್ಲವೆಂಬುದಕ್ಕೆ. ಎರಡನೆಯ ಸೊನ್ನೆ ಹೊಸ ವಂಶದ ಆದಿ ಎಂಬುದಕ್ಕೆ. ಹಿಂಬದಿಯ ಗಾಜನ್ನೇ ಅದರಲ್ಲಿ ತೆಗೆದುಹಾಕಿದ್ದಾರೆ. ಹಿಂದಿರುಗಿ ನೋಡಬಾರದೆಂಬ ವ್ರತವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರರು. ಆದರೆ ವಾಚಕರು ಅದರ ಮುಂಭಾಗವನ್ನು ನೋಡಬೇಕು. ಎಂಜಿನ್ ಇಲ್ಲದ ಆ ಕಾರಿಗೆ ಬಹು ನೀಳವಾದ ಮೂತಿಯಿದೆ! ಇ-ಟೈಪಿನಲ್ಲಿ ಅವಶ್ಯಕತೆಯಾಗಿದ್ದುದು ಇಲ್ಲಿ ಬರಿಯ ಗತ್ತು. ತನಗೆ ಪೂರ್ವಿಕರಿಲ್ಲವೆಂದು ಊರಿಗೆಲ್ಲ ಡಂಗುರ ಹೊಡೆಸಿದವನು ತಾತನ ಪೇಟವನ್ನೇ ಸುತ್ತಿಕೊಂಡು ಬಂದಂತಾಯಿತು. ಎಸ್-ಟೈಪಿನವರೂ ಇವರೂ ಪರಸ್ಪರ ವಿರೋಧಿಗಳೆಂದು ಕಾಣುತ್ತಾರೆ. ನನಗೆ ಇಬ್ಬರೂ ಒಂದೇ ತಪ್ಪಿನ ಪಾಲುಗಾರರೆಂದು ತೋರುತ್ತದೆ. ಪರಂಪರೆಯೆಂಬುದು ತೊಡುವ ವೇಷ ಎಂದು ಅವರು ತಿಳಿದರು. ಅದು ಕಳಚುವ ವೇಷ ಎಂದು ಇವರು ತಿಳಿದರು.

ಇನ್ನೊಂದು ಮಾತನ್ನು ಹೇಳದಿರಲಾರೆ. ಇ-ಟೈಪಿನ ಆರಂಭದ ಬೆಲೆ ೨,೧೦೦ ಪೌಂಡುಗಳ ಆಸುಪಾಸಿನಲ್ಲಿತ್ತು. ಅದರ ಸಮಕ್ಕೆ ಓಡಬಲ್ಲ ಇಟಲಿಯ ಕಾರುಗಳ ಬೆಲೆಯ ಮುಂದೆ ಅದು ಬಹಳ ಕಡಿಮೆ. ಸಿರಿವಂತರಿಗೆ ಮೀಸಲಾದ ಚೆಲುವನ್ನು ಒಂದು ಮೆಟ್ಟಿಲು ಕೆಳಕ್ಕೆ ಇಳಿಸಿದುದು ಲಯನ್ಸರ ಹೆಚ್ಚುಗಾರಿಕೆ. ಹೊಸ ಜಾಗ್ವಾರುಗಳ ಬೆಲೆ ಒಂದು ಲಕ್ಷ ಪೌಂಡಿಗೂ ಮೇಲಿರುವುದೆಂದು, ಸಂಖ್ಯೆ ಕಡಿಮೆಯಿರುವುದೆಂದು ಸಾರಿದ್ದಾರೆ. ವ್ಯಾಪಾರದ ಲೆಕ್ಕ ಸರಿಯಿರಬಹುದು. ಮೂಲಪುರುಷನಿಂದ ಅವರು ನಿಜವಾಗಿ ದೂರ ಸರಿದಿರುವುದು ಬಣ್ಣದಲ್ಲಲ್ಲ, ಅಕ್ಷರಗಳ ಬರಹದಲ್ಲಲ್ಲ, ಇಲ್ಲಿ.

ಯಾವ ಹೋಲಿಕೆಯೂ ಇಲ್ಲದಿದ್ದರೆ ಎಂದು ಕೇಳಿದ ಆ ಹುಡುಗನಿಗೆ ಈಗ ನನ್ನ ಉತ್ತರ ಇಷ್ಟು: ಹೋಲಿಕೆಯಿಲ್ಲದೆ ಹುಟ್ಟುವುದು ದೋಷವಲ್ಲ, ಅಂತಹವನು ಹೊಸ ಹೆಸರಿನಿಂದ ಬಂದು ತನ್ನ ಯೋಗ್ಯತೆಯನ್ನು ತೋರಿಸಲಿ, ಸ್ವಾಗತಿಸೋಣ. ಹಳೆಯ ಹೆಸರೇ ಬೇಕೆಂದಾದರೆ, ಅಂಗಳದಲ್ಲಿ ನಿಂತು ಹಗಲ ಬೆಳಕಿನಲ್ಲಿ ತಿದ್ದಿ ತಿದ್ದಿ ನೋಡುತ್ತಿದ್ದ ಆ ಕಣ್ಣೂ ಬೇಕು. ಹೆಸರನ್ನು ಉಳಿಸಿಕೊಂಡವನು ಋಣವನ್ನೂ ಉಳಿಸಿಕೊಂಡಿರುತ್ತಾನೆ.