ಗೋಡೆಯಿಲ್ಲದ ಕ್ರೀಡಾಂಗಣ

“ಆಟ ಎಷ್ಟು ಗಂಟೆಗಪ್ಪಾ?” ಎಂದು ಕಾರವಾರದ ಕಡಲ ದಂಡೆಯ ಮೇಲೆ ಒಬ್ಬ ಹುಡುಗನನ್ನು ಕೇಳಿದೆ. ಅವನ ಕೈಯಲ್ಲಿ ಬ್ಯಾಟು ಇತ್ತು. ಅವನ ಸಂಗಡಿಗರು ಮೂರು ಕೋಲುಗಳನ್ನು ಹಿಡಿದುಕೊಂಡು, ಉಸುಕಿನಲ್ಲಿ ನೆಡಲು ಜಾಗ ಹುಡುಕುತ್ತಿದ್ದರು.

“ನೀರು ಇಳಿದ ಮೇಲೆ, ಸರ್” ಎಂದ ಹುಡುಗ.

ಗಡಿಯಾರವನ್ನು ನಂಬಿ ಬದುಕುವ ನನಗೆ ಈ ಉತ್ತರ ಮೊದಲು ವಿಚಿತ್ರವೆನಿಸಿತು. ಆದರೆ ಮರುದಿನ ಅದೇ ಜಾಗದಲ್ಲಿ ನಿಂತಾಗ ಅದರ ಅರ್ಥವಾಯಿತು. ಹಿಂದಿನ ದಿನಕ್ಕಿಂತ ಮುಕ್ಕಾಲು ಗಂಟೆ ತಡವಾಗಿ ಆಟ ಆರಂಭವಾಯಿತು. ಸಮುದ್ರದ ಭರತ ಇಳಿತಗಳು ದಿನಕ್ಕೆರಡು ಸಲ ಬರುತ್ತವೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತವೆ. ನೀರು ಸರಿದು ಹೋದೊಡನೆ ಕಾಣುವ ಒದ್ದೆಯ ಉಸುಕು ಗಟ್ಟಿಯಾಗಿರುತ್ತದೆ. ಕಣಕಣಗಳ ನಡುವೆ ಉಳಿದ ನೀರಿನ ಪಸೆ ಅವುಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಅಲ್ಲಿ ಚೆಂಡು ಪುಟಿಯುತ್ತದೆ, ಓಡುವವನ ಕಾಲು ಹೂತುಹೋಗುವುದಿಲ್ಲ. ಅದಕ್ಕಿಂತ ಮೇಲಿನ ಒಣ ಉಸುಕಿನಲ್ಲಿ ಆಡುವವನಿಗೆ ಉಳಿಯುವುದು ಏದುಸಿರು ಮಾತ್ರ. ಚಂದ್ರನೇ ವೇಳಾಪಟ್ಟಿಯನ್ನು ಬರೆದು, ಸಮುದ್ರವೇ ದಿನಕ್ಕೆರಡು ಬಾರಿ ನೀರು ಹಾಕಿ ಸಮಮಾಡಿ ಕೊಡುವ ಇಂಥ ಕ್ರೀಡಾಂಗಣ ನಮ್ಮ ದೊಡ್ಡ ನಗರಗಳಲ್ಲಿ ಎಲ್ಲಿದೆ?

ಪ್ರೇಕ್ಷಣೀಯ ಸ್ಥಳಗಳ ವರ್ಣನೆಯನ್ನು ಓದುಗರು ಬೇಕಾದಷ್ಟು ಓದಿದ್ದಾರೆ. ಈ ವಾರ ಕಾರವಾರ ಮತ್ತು ಅಂಕೋಲೆಗಳಲ್ಲಿ ನಾನು ನೋಡಹೊರಟದ್ದು ಬೇರೊಂದನ್ನು: ಆ ಊರುಗಳ ಜನ ಎಲ್ಲಿ ಆಡುತ್ತಾರೆ ಎಂಬುದನ್ನು. ಊರಿಗೊಂದು ಕೆರೆ, ಕೇರಿಗೊಂದು ಬಾವಿ ಬೇಕೆಂದು ನಮ್ಮ ಹಿರಿಯರು ಬಗೆದರು. ಮಕ್ಕಳಿಗೊಂದು ಬಯಲು ಬೇಕೆಂದು ಅವರು ಹೇಳಿಡಲಿಲ್ಲ. ಬಯಲು ಆಗ ಎಲ್ಲೆಡೆಯೂ ಇತ್ತು. ಈಗ ಹಾಗಿಲ್ಲ.

ಕಾರವಾರದಲ್ಲಂತೂ ಸಮತಟ್ಟಾದ ನೆಲ ಎಂದೂ ಧಾರಾಳವಾಗಿರಲಿಲ್ಲ. ಸಹ್ಯಾದ್ರಿಯ ಕವಲುಗಳು ಇಲ್ಲಿ ಕಡಲಿನ ಅಂಚಿನವರೆಗೂ ನಡೆದುಬಂದಿವೆ. ಗುಡ್ಡಕ್ಕೂ ನೀರಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿಯೇ ಮನೆ, ತೆಂಗಿನ ತೋಟ, ಗದ್ದೆ, ಪೇಟೆ, ಕಚೇರಿ, ಹೆದ್ದಾರಿ ಎಲ್ಲವೂ ಒಂದರ ಪಕ್ಕದಲ್ಲಿ ಒಂದು ಒತ್ತಿ ಕುಳಿತಿವೆ. ಊರಿನೊಳಗೆ ಮಾಲಾದೇವಿ ಮೈದಾನವಿದೆ, ಮಿತ್ರಸಮಾಜದ ಮೈದಾನವಿದೆ. ಆಟವೊಂದಕ್ಕೇ ಅವುಗಳನ್ನು ಮೀಸಲಿಡುವ ಅನುಕೂಲ ಸಣ್ಣ ಊರಿಗೆ ಇರುವುದಿಲ್ಲ. ಸಭೆಗೂ ಸಮಾರಂಭಕ್ಕೂ ಬೇಕಾಗುವ ಬಯಲು ಅದೇ. ಆದ್ದರಿಂದ ಕಾರವಾರದ ನಿಜವಾದ ಆಟದ ಬಯಲೆಂದರೆ ಅದರ ಕಡಲ ದಂಡೆ.

ಆ ದಂಡೆಗೆ ಇಂದು ರವೀಂದ್ರನಾಥ ಠಾಕೂರರ ಹೆಸರಿದೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ಇಲ್ಲಿಗೆ ನ್ಯಾಯಾಧೀಶರಾಗಿ ಬಂದವರಲ್ಲಿ ಕವಿಯ ಅಣ್ಣ ಸತ್ಯೇಂದ್ರನಾಥರೂ ಒಬ್ಬರು; ಅವರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು. ಅಣ್ಣನ ಮನೆಗೆ ಬಂದ ಇಪ್ಪತ್ತೆರಡರ ತರುಣ ಕವಿ ಕಾರವಾರದಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಅರ್ಧಚಂದ್ರಾಕಾರದ ಈ ತೀರವನ್ನೂ, ಅದರ ಅಂಚಿನ ಗಾಳಿಮರಗಳ ಕಾಡನ್ನೂ, ಕಾಳಿ ನದಿಯ ದೋಣಿವಿಹಾರವನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ಪ್ರೀತಿಯಿಂದ ನೆನೆದಿದ್ದಾರೆ.

ಅಂದಿನ ನಿರ್ಜನ ತೀರದಲ್ಲಿ ಇಂದು ನೋಡತಕ್ಕ ವಸ್ತುಗಳು ಸಾಲಾಗಿ ನಿಂತಿವೆ. ‘ಚಪಲ್’ ಎಂಬ ಕ್ಷಿಪಣಿ ನೌಕೆ ನೌಕಾದಳದ ಸೇವೆಯಿಂದ ನಿವೃತ್ತವಾಗಿ, 2006ರಿಂದ ಈ ದಂಡೆಯ ಮೇಲೆ ವಸ್ತುಸಂಗ್ರಹಾಲಯವಾಗಿದೆ. ಕಡಲಿನ ಮೇಲೆ ಕಾವಲು ಹಾರಿ ದಣಿದ ಟ್ಯುಪೊಲೆವ್ ವಿಮಾನವೊಂದು ಈಚೆಗೆ ಅದರ ನೆರೆಗೆ ಬಂದಿದೆ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯೂ ಇಲ್ಲಿದೆ. ಅವರ ಮೂಲ ಊರು ಇದೇ ತಾಲೂಕಿನ ಚೆಂಡಿಯಾ. ಉತ್ಸವಗಳಿಗೆಂದು ಮಯೂರವರ್ಮ ವೇದಿಕೆಯಿದೆ. ಪ್ರವಾಸಿಗಳು ಇವೆಲ್ಲವನ್ನೂ ಕಂಡು, ಮಕ್ಕಳಿಗೆ ತೋರಿಸಿ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಇವುಗಳ ಮುಂದೆ, ಯಾವ ಫಲಕವೂ ಇಲ್ಲದೆ ಹಾಸಿಕೊಂಡಿರುವ ಉಸುಕಿನ ಬಯಲೂ ನೋಡತಕ್ಕದ್ದೇ ಎಂದು ಅವರಿಗೆ ತೋರುವುದಿಲ್ಲ. ಊರಿನವರ ಬದುಕಿಗೆ ಹೆಚ್ಚು ಬೇಕಾದದ್ದು ಮಾತ್ರ ಅದೇ.

ಈ ದಂಡೆಯ ಅತ್ಯಂತ ಹಳೆಯ ಸಮೂಹ ಕ್ರೀಡೆ ಯಾವುದೆಂದು ಕೇಳಿದರೆ ನಾನು ರಂಪಣಿಯ ಹೆಸರು ಹೇಳುವೆ. ಅದು ಆಟವಲ್ಲ, ಹೊಟ್ಟೆಪಾಡು, ನಿಜ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಬಿಲ್ಲಿನಂತೆ ಬೀಸಿದ ದೊಡ್ಡ ಬಲೆಯ ಎರಡು ತುದಿಗಳನ್ನು ದಂಡೆಯ ಮೇಲಿನಿಂದ ಹತ್ತಾರು ಮಂದಿ ಒಂದೇ ಉಸಿರಿನಲ್ಲಿ ಎಳೆಯುವ ಕೆಲಸ ಅದು. ಎದುರಾಳಿ ಸಮುದ್ರ, ಗೆದ್ದರೆ ಬಂಗಡೆ, ತಾರಲೆ. ಎಳೆದವರಿಗೆಲ್ಲ ಅದರಲ್ಲಿ ಪಾಲು. 1970ರ ದಶಕದ ನಡುವಿನಿಂದ ಯಂತ್ರದ ದೋಣಿ ಮತ್ತು ಪರ್ಸೀನ್ ಬಲೆಗಳು ಬಂದು ರಂಪಣಿಯ ಕಾಲವನ್ನು ಹಿಂದಿಕ್ಕಿದವು. ಆದರೂ ದಂಡೆ ಎಲ್ಲರದು, ಒಬ್ಬನದಲ್ಲ ಎಂಬ ಭಾವನೆಯನ್ನು ಈ ಊರಿಗೆ ಕಲಿಸಿದ್ದು ಆ ಬಲೆಯೇ ಇರಬೇಕು.

ಈ ಭಾವನೆಯ ಪರೀಕ್ಷೆಯೂ ಆಗಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಹದಿಮೂರು ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟವು. 2005ರಲ್ಲಿ ‘ಕದಂಬ’ ನೌಕಾನೆಲೆ ಸೇವೆಗೆ ಸೇರಿತು. ದೇಶಕ್ಕೆ ಕಾವಲು ಬೇಕು, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ಕೊಟ್ಟ ನೆಲದ ಲೆಕ್ಕದಲ್ಲಿ ಗದ್ದೆ, ಮನೆ, ತೆಂಗಿನ ಮರಗಳು ಬಂದವೇ ಹೊರತು, ಅರ್ಗಾ, ಬಿಣಗಾಗಳ ಮಕ್ಕಳು ಸಂಜೆ ಆಡುತ್ತಿದ್ದ ದಂಡೆಗೆ ಬೆಲೆ ಕಟ್ಟುವ ಕಾಲಮು ಯಾವ ದಫ್ತರದಲ್ಲಿ ಇದ್ದೀತು? ಬಳಿಕ ಹೆದ್ದಾರಿ ನಾಲ್ಕು ಪಥವಾಯಿತು. ಕಡಲಿನ ಮಗ್ಗುಲಲ್ಲಿಯೇ ಮೇಲ್ಸೇತುವೆ ಎದ್ದಿತು. ಅದೂ ಬೇಕಾದದ್ದೇ. 2020ರ ಜನವರಿಯಲ್ಲಿ ವಾಣಿಜ್ಯ ಬಂದರದ ವಿಸ್ತರಣೆಗೆಂದು ಅಲೆತಡೆ ಗೋಡೆಯ ಕೆಲಸಕ್ಕೆ ಕೈಹಾಕಿದಾಗ ಮಾತ್ರ ಊರು ಎದ್ದು ನಿಂತಿತು. ಮೀನುಗಾರರು ದಂಡೆಗಿಳಿದು ಪ್ರತಿಭಟಿಸಿದರು, ಅಂಗಡಿಗಳು ಮುಚ್ಚಿದವು, ಉಚ್ಚ ನ್ಯಾಯಾಲಯ ಆ ತಿಂಗಳಲ್ಲಿಯೇ ಕಾಮಗಾರಿಗೆ ತಡೆ ನೀಡಿತು. ಊರಿಗೆ ಉಳಿದ ಒಂದೇ ದೊಡ್ಡ ದಂಡೆ ಕೈಬಿಟ್ಟು ಹೋದೀತೆಂಬ ಭಯ ಮೀನುಗಾರನಿಗೂ ಪೇಟೆಯವನಿಗೂ ಒಂದೇ ಆಗಿತ್ತು.

ಬಯಲಿಗಾಗಿ ನಡೆದ ಇಂಥ ಜಗಳ ನಮ್ಮಲ್ಲಿ ಹೊಸದೇನೂ ಅಲ್ಲ. ಕಾರವಾರವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1880ರ ದಶಕದಲ್ಲಿ, ಮುಂಬಯಿ ನಗರದ ಎಸ್ಪ್ಲನೇಡ್ ಬಯಲಿನಲ್ಲಿ ಕೆಲವೇ ಮಂದಿ ಯುರೋಪಿಯನ್ನರು ಕುದುರೆಯೇರಿ ಪೋಲೋ ಆಡುತ್ತಿದ್ದರು. ಕುದುರೆಗಳ ಗೊರಸಿಗೆ ನೆಲ ಕಿತ್ತುಹೋಗಿ, ಅಲ್ಲಿಯೇ ಕ್ರಿಕೆಟ್ ಆಡುತ್ತಿದ್ದ ನೂರಾರು ದೇಶೀಯ ತರುಣರಿಗೆ ಚೆಂಡೆಸೆಯಲು ಎಡೆಯಿಲ್ಲದಂತಾಯಿತು. ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು ಒಟ್ಟುಗೂಡಿ ಸರಕಾರಕ್ಕೆ ಮನವಿಯ ಮೇಲೆ ಮನವಿ ಬರೆದರು. ಮುಂದೆ ಆ ಸಮಾಜಗಳ ಜಿಮಖಾನೆಗಳಿಗೆ ಕಡಲ ಬದಿಯಲ್ಲಿ ಬೇರೆಬೇರೆ ಜಾಗ ದೊರೆಯಿತು. ಭಾರತದ ಕ್ರಿಕೆಟ್ ಬೆಳೆದ ಕಥೆಯಲ್ಲಿ ಬ್ಯಾಟು ಹಿಡಿದವರಷ್ಟೇ ಲೇಖನಿ ಹಿಡಿದವರಿಗೂ ಸ್ಥಾನವುಂಟು.

ಕಾರವಾರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರು ನಡೆದರೆ ಅಂಕೋಲೆ. ಇಲ್ಲಿ ಗುಡ್ಡ ಸ್ವಲ್ಪ ಹಿಂದೆ ಸರಿದು ಊರಿಗೆ ಉಸಿರಾಡಲು ಎಡೆ ಕೊಟ್ಟಿದೆ. ಇಲ್ಲಿಯ ಬಯಲು ಕಡಲ ದಂಡೆಯಲ್ಲ, ಶಾಲೆಯ ಅಂಗಳ. ಜೈಹಿಂದ್ ಹೈಸ್ಕೂಲಿನ ಮೈದಾನವೆಂದರೆ ಅಂಕೋಲೆಯವರಿಗೆ ಆಟವೂ ಅಲ್ಲಿಯೇ, ರಾಷ್ಟ್ರೀಯ ಹಬ್ಬದ ಧ್ವಜವಂದನೆಯೂ ಅಲ್ಲಿಯೇ. ಶಾಲೆಯ ಹೆಸರಿನಲ್ಲಿರುವ ಘೋಷಣೆ ಈ ಊರಿಗೆ ಅಲಂಕಾರದ ಮಾತಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿದಾಗ ಸಾವಿರಾರು ಜನ ನೆರೆದಿದ್ದರು. ಅದರ ನೆನಪಿಗೆ ಊರಿನಲ್ಲಿ ಸತ್ಯಾಗ್ರಹ ಸ್ಮಾರಕ ಭವನವಿದೆ. ಜನ ಒಟ್ಟಾಗಿ ನಿಲ್ಲಬೇಕಾದರೆ ಮೊದಲು ನಿಲ್ಲಲು ನೆಲ ಬೇಕು ಎಂಬುದನ್ನು ಅಂಕೋಲೆ ಬಲ್ಲದು.

ಚುಟುಕಗಳ ಕವಿ ದಿನಕರ ದೇಸಾಯಿಯವರು ಈ ಸೀಮೆಯವರು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಾಡಿಗೆ ಪ್ರೌಢಶಾಲೆಗಳನ್ನು ಕೊಂಡೊಯ್ದಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಶಾಲೆಯೆಂದರೆ ಗೋಡೆ, ಕರಿಹಲಗೆಗಳಷ್ಟೇ ಅಲ್ಲ. ಅದರ ಮುಂದಿನ ಬಯಲೂ ಒಂದು ತರಗತಿಯೇ. ಅದರಲ್ಲಿಯೂ ಹೆಣ್ಣುಮಕ್ಕಳ ಪಾಲಿಗೆ. ಗಂಡುಹುಡುಗರು ದಂಡೆಯಲ್ಲಿ ಎಲ್ಲಿ ಬೇಕೆಂದರಲ್ಲಿ ಕೋಲು ನೆಟ್ಟು ಆಡಿಯಾರು. ಹದಿನಾಲ್ಕರ ಹುಡುಗಿ ಕಬಡ್ಡಿ ಆಡುತ್ತೇನೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಕೇಳುವ ಮೊದಲ ಪ್ರಶ್ನೆ, “ಎಲ್ಲಿ?” ಎಂಬುದು. “ಶಾಲೆಯ ಮೈದಾನದಲ್ಲಿ” ಎಂಬ ಉತ್ತರವಿದ್ದರೆ ತಾಯಿ ಬಾಗಿಲು ತೆರೆಯುತ್ತಾಳೆ. ಆ ಮೈದಾನ ಹೋದರೆ ಹುಡುಗನಿಗೆ ಒಂದು ಜಾಗ ಹೋದೀತು. ಹುಡುಗಿಗೆ ಆಟವೇ ಹೋಗುತ್ತದೆ.

ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಕಡಲು ಕೆರಳಿ ದಂಡೆ ಅಪಾಯದ್ದಾಗುತ್ತದೆ, ಮೈದಾನ ಕೆಸರಾಗುತ್ತದೆ. ವರ್ಷದಲ್ಲಿ ಮೂರರಲ್ಲೊಂದು ಭಾಗ ಹೀಗೆ ಕಳೆದುಹೋಗುವ ಊರಿನಲ್ಲಿ ಉಳಿದ ಎಂಟು ತಿಂಗಳ ಬಯಲು ಎಷ್ಟು ಅಮೂಲ್ಯವೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಇಲ್ಲಿ ಭಾರಿ ಕ್ರೀಡಾಂಗಣಗಳನ್ನು ಕಟ್ಟಬೇಕೇ? ಕಟ್ಟಿದರೆ ಒಳ್ಳೆಯದೇ. ಉಸುಕಿನ ಮೇಲಿನ ಆಟವನ್ನು ಹಗುರವಾಗಿ ಕಾಣಬೇಕಾಗಿಯೂ ಇಲ್ಲ. ಕ್ಯಾಲಿಫೋರ್ನಿಯದ ದಂಡೆಗಳಲ್ಲಿ ವಿನೋದಕ್ಕಾಗಿ ಹುಟ್ಟಿದ ಬೀಚ್ ವಾಲಿಬಾಲ್ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು. ಆದರೆ ಕಟ್ಟುವುದಕ್ಕಿಂತ ಮೊದಲಿನ ಕೆಲಸ ಕಾಯುವುದು. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು, ತೆರವು ಜಾಗಗಳ ಸಂರಕ್ಷಣೆಗೆಂದು 1985ರಲ್ಲಿಯೇ ಒಂದು ಕಾಯಿದೆ ರಚಿತವಾಗಿದೆ. ಅದು ತೋರಿಸಿದ ದಾರಿ ಸರಳ: ಇಂಥ ಜಾಗಗಳ ಪಟ್ಟಿ ಮಾಡಿ, ಅದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವುದು. ಪಟ್ಟಿಯಲ್ಲಿ ಹೆಸರಿಲ್ಲದ ಬಯಲು ಎಲ್ಲರ ಕಣ್ಣಿಗೂ ಖಾಲಿ ಜಾಗ. ಖಾಲಿ ಜಾಗಕ್ಕೆ ಒಂದಲ್ಲ ಒಂದು ಉಪಯೋಗ ಹುಡುಕುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಓದುಗರು ತಮ್ಮ ತಮ್ಮ ಊರಿನಲ್ಲಿ ತಮ್ಮ ಮಕ್ಕಳು ಆಡುವ ಬಯಲಿನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಒಮ್ಮೆ ವಿಚಾರಿಸಿ ನೋಡಬೇಕು. ಇದಕ್ಕೆ ಒಂದು ಅರ್ಜಿ, ಒಂದು ಮಧ್ಯಾಹ್ನ ಸಾಕು.

ನಾನು ಹೊರಡುವ ದಿನ ಸಂಜೆ ಮತ್ತೆ ದಂಡೆಗೆ ಹೋದೆ. ಹುಡುಗರು ನೀರು ಸರಿಯುವುದನ್ನು ಕಾಯುತ್ತ ಕುಳಿತಿದ್ದರು. ಬಸ್ಸಿನ ವೇಳೆಯಾದ್ದರಿಂದ ಆಟ ಆರಂಭವಾಗುವವರೆಗೆ ನಿಲ್ಲಲಾಗಲಿಲ್ಲ. ಅವರಿಗೆ ಮಾತ್ರ ಯಾವ ಆತುರವೂ ಇರಲಿಲ್ಲ. ಸಮುದ್ರ ತನ್ನ ಮಾತಿಗೆ ತಪ್ಪುವುದಿಲ್ಲವೆಂದು ಅವರಿಗೆ ಗೊತ್ತು. ದಂಡೆಯನ್ನು ಅವರಿಗಾಗಿ ಉಳಿಸುವುದು ದೊಡ್ಡವರಾದ ನಮಗೆ ಬಿಟ್ಟದ್ದು.